ಪಕ್ಕದ ಹಾಸಿಗೆಯ ಪಾಲು

ನಮ್ಮ ಫ್ರಿಡ್ಜಿನ ಬಾಗಿಲಲ್ಲಿ ಮೊಟ್ಟೆ ಇಡುವುದಕ್ಕೆಂದು ಆರು ಗುಳಿಗಳಿರುವ ಒಂದು ತಟ್ಟೆ ಇತ್ತು. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವವರಿಲ್ಲ. ಅಮ್ಮ ಅದರಲ್ಲಿ ನಿಂಬೆಹಣ್ಣು ಇಡುತ್ತಿದ್ದಳು. ಅವಳಿಗೆ ಡಯಾಲಿಸಿಸ್ ಶುರುವಾದ ವರ್ಷ ನಿಂಬೆಹಣ್ಣು ತರಕಾರಿ ಡಬ್ಬಿಗೆ ಹೋಯಿತು, ಆ ಗುಳಿಗಳಲ್ಲಿ ನನ್ನ ಕಿರುಬೆರಳಿನಷ್ಟು ಉದ್ದದ ಗಾಜಿನ ಸಿರಿಂಜುಗಳು ಬಂದು ನಿಂತವು. ಬಾಗಿಲು ತೆಗೆದು ಹಾಕುವಾಗ ಅಲ್ಲಿಯ ತಂಪು ಏರುಪೇರಾಗುತ್ತದೆ, ಅಲ್ಲಿಡಬೇಡಿ ಎಂದು ನರ್ಸ್ ಹೇಳಿದ ಮೇಲೆ ತಟ್ಟೆಯನ್ನೇ ಕಳಚಿ ನಡುವಿನ ಅಂತಸ್ತಿನಲ್ಲಿ, ಹಾಲಿನ ಪಾತ್ರೆಯ ಪಕ್ಕ ಇಟ್ಟೆ.

ಮೂತ್ರಪಿಂಡ ರಕ್ತವನ್ನು ಶುದ್ಧ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೊಸ ರಕ್ತ ಮಾಡು ಎಂದು ಮೂಳೆಯೊಳಗಿನ ಮಜ್ಜೆಗೆ ಹೇಳಿ ಕಳಿಸುವುದೂ ಅದೇ ಎಂಬುದು ಅಮ್ಮನಿಗೆ ಕಾಯಿಲೆ ಬರುವ ತನಕ ನನಗೆ ಗೊತ್ತಿರಲಿಲ್ಲ. ಡಯಾಲಿಸಿಸ್ ಯಂತ್ರ ಮೈಯಲ್ಲಿ ಸೇರಿದ ಕೊಳೆಯನ್ನೂ ನೀರನ್ನೂ ತೆಗೆಯುತ್ತದೆ, ಆದರೆ ಈ ಎರಡನೆಯ ಕೆಲಸ ಅದರಿಂದ ಆಗುವುದಿಲ್ಲ. ಅದಕ್ಕೆ ಈ ಇಂಜೆಕ್ಷನ್. ಆಸ್ಪತ್ರೆಯ ಡಯಾಲಿಸಿಸ್ ಯೂನಿಟ್ಟಿನಲ್ಲಿ ಎಲ್ಲರೂ ಅದನ್ನು ರಕ್ತದ ಸೂಜಿ ಎನ್ನುತ್ತಾರೆ. ಅದು ತಪ್ಪಿದರೆ ಮುಖ ಬಿಳಚಿಕೊಳ್ಳುತ್ತದೆ, ಅಡುಗೆಮನೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಉಸಿರು ಸಾಲದಾಗುತ್ತದೆ.

ಅಮ್ಮ ಮತ್ತು ಅವಳ ಮಗಳಾದ ನಾನು ಶಿವಮೊಗ್ಗದ ರಾಗಿಗುಡ್ಡದ ಬಳಿ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಅಪ್ಪ ನಾನು ಹೈಸ್ಕೂಲಿನಲ್ಲಿರುವಾಗಲೇ ತೀರಿಕೊಂಡರು. ಎಂ.ಕಾಂ. ಮುಗಿಸಿದ ಮೇಲೆ ನಾನು ಮಾಚೇನಹಳ್ಳಿಯ ಒಂದು ಸಣ್ಣ ಎರಕದ ಕಾರ್ಖಾನೆಗೆ ಸೇರಿದೆ. ಪಂಪಿನ ಮೈ, ಮುಚ್ಚಳ, ಬ್ರ್ಯಾಕೆಟ್ಟು, ಇಂಥ ಸಾಮಾನುಗಳಿಗೆ ಗಿರಾಕಿಗೆ ಎಷ್ಟು ದರ ಹೇಳಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಸಂಬಳದಿಂದ ಕಾರ್ಮಿಕರ ವಿಮೆಗೆ ಒಂದು ಸಣ್ಣ ಮೊತ್ತ ಮುರಿದುಕೊಳ್ಳುತ್ತಾರೆ. ಸೇರಿದ ದಿನ ಆ ಸಾಲನ್ನು ಓದಿ ಮರೆತುಬಿಟ್ಟಿದ್ದೆ. ಈಗ ತಿಂಗಳು ತಿಂಗಳೂ ಆ ಸಾಲನ್ನು ನೋಡಿದಾಗ ಯಾರಿಗೆ ಕೈ ಮುಗಿಯಬೇಕೆಂದು ತಿಳಿಯುವುದಿಲ್ಲ. ನನ್ನನ್ನು ಅವಲಂಬಿಸಿದ ತಾಯಿ ಎಂದು ಅಮ್ಮನ ಡಯಾಲಿಸಿಸ್ ನಡೆಯುತ್ತಿರುವುದು ಅದರಿಂದಲೇ.

ಡಯಾಲಿಸಿಸ್ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅಲ್ಲಿ ಅಮ್ಮನ ಪಕ್ಕದ ಹಾಸಿಗೆಗೆ ಭದ್ರಾವತಿಯಿಂದ ಒಬ್ಬರು ಬರುತ್ತಾರೆ. ಅಮ್ಮನಿಗಿಂತ ಏಳೆಂಟು ವರ್ಷ ಚಿಕ್ಕವರು. ಮನೆಮಾತು ತಮಿಳು, ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಹಳೆಯ ವಸತಿಯಲ್ಲೇ ಹುಟ್ಟಿ ಬೆಳೆದವರು. ಗಂಡ ಲಾರಿಗೆ ಲೋಡು ಹತ್ತಿಸುವ ಕೆಲಸ ಮಾಡುತ್ತಾರೆ. ಅಮ್ಮ ಅವರನ್ನು ಮಾರಾಯ್ತಿ ಎನ್ನುತ್ತಾಳೆ, ಅವರು ಅಮ್ಮನನ್ನು ಅಕ್ಕ ಎನ್ನುತ್ತಾರೆ. ಇಬ್ಬರಿಗೂ ಒಂದೇ ದಿನ, ಒಂದೇ ಪಾಳಿ. ಚಿಕಿತ್ಸೆಗೆ ಮೊದಲು ತೂಕ ನೋಡುತ್ತಾರೆ, ಮುಗಿದ ಮೇಲೆ ಮತ್ತೆ ನೋಡುತ್ತಾರೆ.

"ಎಷ್ಟು ಇಳೀತು ಅಕ್ಕ?"

"ಎರಡೂವರೆ ಕೆಜಿ."

"ನಂದು ಮೂರು. ರೋಡಲ್ಲಿ ಬೆಳಿಗ್ಗೆ ಓಡ್ತಾರಲ್ಲ ಹೆಂಗಸ್ರು, ಅವರನ್ನೆಲ್ಲಾ ಇಲ್ಲಿಗೆ ಕರ್ಕೊಂಡು ಬರ್ಬೇಕು. ನಾಲ್ಕು ಗಂಟೇಲಿ ಮೂರು ಕೆಜಿ!"

"ನೀನು ನಿನ್ನೆ ಮಜ್ಜಿಗೆ ಕುಡಿದಿದ್ದೀಯ. ಸುಳ್ಳು ಹೇಳ್ಬೇಡ, ತೂಕದ ಮೆಷಿನ್ನು ಚಾಡಿ ಹೇಳ್ತು."

ರೋಗಿಯ ಜೊತೆ ಬಂದವರು ಹೊರಗೆ, ಚಪ್ಪಲಿ ಸ್ಟ್ಯಾಂಡಿನ ಬಳಿಯ ಬೆಂಚಿನ ಮೇಲೆ ಕೂರಬೇಕು. ಬಾಗಿಲು ತೆರೆದು ಮುಚ್ಚುವ ನಡುವೆ ಇಂಥ ಮಾತಿನ ತುಂಡುಗಳು ನನಗೆ ಕೇಳಿಸುತ್ತಿದ್ದವು. ಅಮ್ಮ ಮನೆಯಲ್ಲಿ ಇಷ್ಟು ಮಾತಾಡುವವಳಲ್ಲ. ನನಗೂ ಮಾತು ಕಡಿಮೆ.

ಇಬ್ಬರದೂ ಸರ್ಕಾರದ ಯೋಜನೆಯೇ, ಆದರೆ ಬೇರೆ ಬೇರೆ. ಅಮ್ಮನದರಲ್ಲಿ ಡಯಾಲಿಸಿಸ್ಸಿನ ಖರ್ಚನ್ನು ವಿಮೆಯವರು ಆಸ್ಪತ್ರೆಗೆ ಕೊಡುತ್ತಾರೆ, ಸೂಜಿ ಮಾತ್ರ ಪ್ರತ್ಯೇಕ. ಅದನ್ನು ಭದ್ರಾವತಿಯ ವಿಮಾ ಔಷಧಾಲಯದಿಂದ ತಿಂಗಳಿಗೊಮ್ಮೆ ನಾನೇ ತರಬೇಕು, ಖಾಲಿ ಡಬ್ಬಿಗಳನ್ನು ಹಿಂದಿರುಗಿಸಿದರೆ ಹೊಸವು ಸಿಗುತ್ತವೆ. ಚಿಕಿತ್ಸೆಯ ದಿನ ಅಮ್ಮ ಒಂದು ಸಿರಿಂಜನ್ನು ಫ್ಲಾಸ್ಕಿನಲ್ಲಿ ತಂಪಾಗಿ ಹಿಡಿದು ಹೋಗುತ್ತಾಳೆ, ನರ್ಸ್ ಹಾಕುತ್ತಾಳೆ. ಪಕ್ಕದ ಹಾಸಿಗೆಯವರದು ರೇಷನ್ ಕಾರ್ಡಿನ ಮೇಲೆ ಸಿಗುವ ಯೋಜನೆ. ಅದರಲ್ಲಿ ಒಂದು ಸಲದ ಡಯಾಲಿಸಿಸ್ಸಿಗೆ ಎಲ್ಲ ಸೇರಿ ಇಷ್ಟು ಎಂದು ಒಂದೇ ದರ. ಯಂತ್ರ, ನೀರು, ನಳಿಕೆ, ಸೂಜಿ ಎಲ್ಲ ಅದರೊಳಗೆ. ಅವರು ಏನನ್ನೂ ತರಬೇಕಾಗಿಲ್ಲ, ಕೈ ಬೀಸಿಕೊಂಡು ಬರಬಹುದು. ಎಷ್ಟು ಸುಲಭ ಎಂದು ಆಗ ನನಗೆ ಅನಿಸುತ್ತಿತ್ತು.

ನನ್ನ ರಕ್ತದ ಗುಂಪು ಅಮ್ಮನಿಗೆ ಹೊಂದಲಿಲ್ಲ. ಕಿಡ್ನಿ ಕೊಡಲು ಮುಂದೆ ಬಂದವರು ದೊಡ್ಡಮ್ಮ, ಅಮ್ಮನ ಅಕ್ಕ. ಅವರೂ ಭದ್ರಾವತಿಯವರೇ, ದೊಡ್ಡಪ್ಪನ ಜೊತೆ ಹಿಟ್ಟಿನ ಗಿರಣಿ ನಡೆಸುತ್ತಾರೆ. ಅವರ ಕಿವಿಯ ಹಿಂದೆ ಸದಾ ಹಿಟ್ಟಿನ ಒಂದು ಗೆರೆ ಇರುತ್ತದೆ, ಮದುವೆ ಮನೆಗೆ ಬಂದಾಗಲೂ. ಕಿಡ್ನಿಯ ಮಾತು ಮೊದಲ ಸಲ ಬಂದಾಗ ನಾನು ಹೇಗೆ ಕೇಳುವುದೆಂದು ತಡವರಿಸುತ್ತಿದ್ದೆ. ಅವರೇ ಮಾತು ತೆಗೆದರು.

"ನನಗೆ ಎರಡಿದೆ, ಒಂದು ಕೊಡ್ತೀನಿ. ಅದೇನು ಗಿರಣಿ ಕಲ್ಲಾ, ಎರಡೂ ಇದ್ರೇನೇ ಬೀಸೋದು ಅನ್ನೋಕೆ?"

ಪರೀಕ್ಷೆಗಳು ಒಂದೊಂದಾಗಿ ಮುಗಿದವು. ದೊಡ್ಡಮ್ಮನ ರಕ್ತದ ಗುಂಪು ಹೊಂದಿತು. ಕಸಿ ಮಾಡುವ ಆಸ್ಪತ್ರೆ ದೂರದ ಊರಿನಲ್ಲಿ, ಅಲ್ಲಿಯ ಸರದಿ ಬರುವ ತನಕ ಕಾಯಬೇಕು. ಕೊನೆಗೊಂದು ಹೊಂದಾಣಿಕೆ ಪರೀಕ್ಷೆ ಉಳಿದಿತ್ತು. ಆಗ ನಮ್ಮ ಕಿಡ್ನಿ ಡಾಕ್ಟರು ನನ್ನನ್ನು ಕೂರಿಸಿ ಒಂದು ಎಚ್ಚರಿಕೆ ಹೇಳಿದರು. ಈ ಕಾಯುವ ಕಾಲದಲ್ಲಿ ಅಮ್ಮನಿಗೆ ಹೊರಗಿನ ರಕ್ತ ಕೊಡುವ ಸಂದರ್ಭ ಬರಬಾರದು. ಬೇರೆಯವರ ರಕ್ತ ಮೈಗೆ ಹೋದರೆ ಮೈ ಅದರ ವಿರುದ್ಧ ಕಾವಲು ಎಬ್ಬಿಸಿಕೊಳ್ಳಬಹುದು. ಒಮ್ಮೆ ಎದ್ದ ಕಾವಲು ನಾಳೆ ದೊಡ್ಡಮ್ಮನ ಕಿಡ್ನಿಯನ್ನೂ ಒಳಗೆ ಬಿಡದೆ ಹೋಗಬಹುದು.

"ರಕ್ತದ ಸೂಜಿ ಸರಿಯಾಗಿ ತಗೊಂಡ್ರೆ ಆ ಪ್ರಶ್ನೆನೇ ಬರಲ್ಲ" ಎಂದು ಅವರು ಹೇಳಿದರು. ಸೂಜಿ ಸರಿಯಾಗಿ ಬರುತ್ತಿದೆ ಸಾರ್, ನಾನೇ ತರುತ್ತೇನೆ ಎಂದೆ.

ಆದರೂ ಆ ಚಳಿಗಾಲದಲ್ಲಿ ಅಮ್ಮನ ಹಿಮೋಗ್ಲೋಬಿನ್ ಇಳಿಯತೊಡಗಿತು. ಒಂದು ರಿಪೋರ್ಟಿನಲ್ಲಿ ಸ್ವಲ್ಪ, ಮುಂದಿನದರಲ್ಲಿ ಇನ್ನಷ್ಟು. ಡಾಕ್ಟರು ಕಬ್ಬಿಣಾಂಶದ ಇಂಜೆಕ್ಷನ್ ಕೊಡಿಸಿದರು. ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿದರು. ಏನೂ ಸಿಗಲಿಲ್ಲ. ನಾನು ಫ್ರಿಡ್ಜಿನಲ್ಲಿ ಒಂದು ಥರ್ಮಾಮೀಟರು ಇಟ್ಟೆ. ಕರೆಂಟು ಹೋದಾಗ ಔಷಧಿ ಕೆಟ್ಟಿರಬಹುದೇ, ಫ್ಲಾಸ್ಕಿನ ಮುಚ್ಚಳ ಸಡಿಲವಿದೆಯೇ ಎಂದು ನೋಡಿದೆ. ಗಾಂಧಿ ಬಜಾರಿಗೆ ಹೋಗಿ ಹೊಸ ಫ್ಲಾಸ್ಕನ್ನೇ ತಂದೆ. ಅಮ್ಮ ಅದನ್ನು ತಿರುಗಿಸಿ ನೋಡಿ, "ಹಳೇದು ಚೆನ್ನಾಗೇ ಇತ್ತಲ್ಲ" ಎಂದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಡಾಕ್ಟರು ನನ್ನನ್ನು ಕರೆಸಿದರು. ಮುಂದಿನ ರಿಪೋರ್ಟ್ ಏಳಕ್ಕಿಂತ ಕೆಳಗೆ ಬಂದರೆ ರಕ್ತ ಕೊಡದೆ ವಿಧಿಯಿಲ್ಲ, ಹೃದಯಕ್ಕೆ ತೊಂದರೆಯಾಗುತ್ತದೆ ಎಂದರು. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದೆ. ಅವರು ಅದನ್ನು ಫೈಲಿನಲ್ಲಿಟ್ಟು, "ಇದು ಬೇಕಾಗದೆ ಇರ್ಲಿ ಅಂತ ಇಬ್ರೂ ಬಯಸೋಣ" ಎಂದರು. ಅಮ್ಮನ ಸಹಿಯೂ ಬೇಕಿತ್ತು. ಹಾಗಾಗಿ ಚಪ್ಪಲಿ ಬಿಟ್ಟು, ಮೊದಲ ಸಲ ಯೂನಿಟ್ಟಿನ ಒಳಗೆ ಹೋದೆ.

ಪಾಳಿ ಮುಗಿಯುವ ಹೊತ್ತು. ನರ್ಸ್ ನಮ್ಮ ಹೊಸ ಫ್ಲಾಸ್ಕನ್ನು ತೆರೆದು ಸಿರಿಂಜು ಕೈಯಲ್ಲಿ ಹಿಡಿದು ಎರಡು ಹಾಸಿಗೆಗಳ ನಡುವೆ ನಿಂತಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು.

"ಇವತ್ತು ಯಾರ ಪಾಳಿ ಅಮ್ಮಾ?"

"ಅವಳದು. ಹೋದ ಸಲ ನನಗಾಯ್ತಲ್ಲ" ಎಂದಳು ಅಮ್ಮ.

"ಬೇಡ ಅಕ್ಕ" ಎಂದರು ಪಕ್ಕದ ಹಾಸಿಗೆಯವರು. "ನಿಮ್ಮ ಮುಖ ನೋಡ್ಕೊಳಿ, ಸುಣ್ಣ ಬಳಿದಂಗಿದೆ. ಇವತ್ತೂ ನೀವೇ ಹಾಕಿಸ್ಕೊಳಿ."

"ನಿನ್ನ ಮುಖಕ್ಕೇನು ಅರಿಶಿನ ಹಚ್ಚಿದ್ದಾರಾ? ಸುಮ್ನಿರು ಮಾರಾಯ್ತಿ. ಸಿಸ್ಟರ್, ಅವಳಿಗೇ ಹಾಕಿ."

ನರ್ಸ್ ತಿರುಗಿದಾಗ ನಾನು ಕಂಡೆ. ಅವಳ ಕೈ ನಿಂತಿತು. "ನಾನು ಬೇಡ ಅಂತಾನೇ ಹೇಳ್ತೀನಿ ಮೇಡಂ. ಇಬ್ರೂ ಕೇಳಲ್ಲ. ಒಬ್ಬರಿಗೆ ಹಾಕಿದ್ರೆ ಇನ್ನೊಬ್ಬರು ಬೈತಾರೆ."

ನಾನು ಅಮ್ಮನ ಕೈಗೆ ಪೆನ್ನು ಕೊಟ್ಟು ಸಹಿ ತೆಗೆದುಕೊಂಡೆ. ಆ ದಿನದ ಸೂಜಿ ಕೊನೆಗೆ ಅಮ್ಮನಿಗೇ ಆಯಿತು, ನಾನು ಅಲ್ಲಿ ನಿಂತಿದ್ದೆನೆಂಬ ಕಾರಣಕ್ಕೆ. ಪಕ್ಕದ ಹಾಸಿಗೆಯವರು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು.

ಮನೆಗೆ ಬಂದು ಅಮ್ಮ ದಿಂಬಿಗೆ ಒರಗಿ ಕೂತ ಮೇಲೆ ಕೇಳಿದೆ.

"ಯಾವಾಗಿಂದ?"

"ದೀಪಾವಳಿಯಿಂದ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಲೆಕ್ಕ ಹಾಕ್ತಿದ್ದೆ."

"ಅಮ್ಮ, ಅದು ಚಿತ್ರಾನ್ನ ಅಲ್ಲ ಹಂಚ್ಕೊಂಡು ತಿನ್ನೋಕೆ. ಇಬ್ಬರಿಗೂ ಅರ್ಧರ್ಧ ಆದ್ರೆ ಇಬ್ಬರಿಗೂ ಸಾಲಲ್ಲ."

"ಮಠದಲ್ಲಿ ಪಂಕ್ತೀಲಿ ಕೂತಾಗ ಪಕ್ಕದ ಎಲೆ ಖಾಲಿ ಇದ್ರೆ ನಿನ್ನ ಕೈ ಅನ್ನಕ್ಕೆ ಹೋಗುತ್ತಾ?" ಎಂದಳು.

ಚಿಕ್ಕಂದಿನಲ್ಲಿ ಮಠದ ದಾಸೋಹಕ್ಕೆ ಹೋದಾಗಲೆಲ್ಲ ಅಮ್ಮ ನನ್ನ ಮೊಣಕೈಯನ್ನು ಮೆಲ್ಲಗೆ ಹಿಡಿದುಕೊಂಡಿರುತ್ತಿದ್ದಳು. ಸಾಲಿನ ಕಡೆಯ ಎಲೆಗೆ ಅನ್ನ ಬೀಳುವ ತನಕ ನಾನು ತುತ್ತು ಎತ್ತುವ ಹಾಗಿರಲಿಲ್ಲ. ಬಡಿಸುವವರು ಯಾರನ್ನಾದರೂ ದಾಟಿ ಮುಂದೆ ಹೋದರೆ ಅಮ್ಮ, ಎಂದೂ ದನಿ ಎತ್ತದ ಅಮ್ಮ, "ಇಲ್ಲೊಂದು ಎಲೆ ಉಳೀತು" ಎಂದು ಕೂಗುತ್ತಿದ್ದಳು.

"ಮತ್ತೆ ಮೊದಲು ಕೊಟ್ಟೋಳು ಅವಳು" ಎಂದಳು ಅಮ್ಮ.

ಆಗ ತಿಳಿದದ್ದು ಇದು. ಅಮ್ಮನಿಗೆ ಡಯಾಲಿಸಿಸ್ ಶುರುವಾದ ಮೊದಲ ತಿಂಗಳುಗಳಲ್ಲಿ ವಿಮೆಯ ಮಂಜೂರಾತಿ ಇನ್ನೂ ಬಂದಿರಲಿಲ್ಲ. ನಾನು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದೆ. ಸೂಜಿಗೇನು ಮಾಡುವುದು ಎಂದು ಕೇಳಿದಾಗ, "ಆಸ್ಪತ್ರೆಯವರೇ ಹಾಕ್ತಿದ್ದಾರೆ, ನೀನು ಚಿಂತೆ ಮಾಡ್ಬೇಡ" ಎಂದಿದ್ದಳು. ನಾನು ನಂಬಿದ್ದೆ. ಆಸ್ಪತ್ರೆಯವರು ಹಾಕುತ್ತಿದ್ದುದು ಪಕ್ಕದ ಹಾಸಿಗೆಗೆ. ಅವರಿಗೆ ಆಗ ಪ್ರತಿ ಸಲವೂ ಸೂಜಿ ಬರುತ್ತಿತ್ತು. ಹೊಸದಾಗಿ ಬಂದು ಮೊದಲ ದಿನವೇ ತಲೆ ಸುತ್ತಿ ಒರಗಿದ ಅಮ್ಮನನ್ನು ನೋಡಿ, "ನನಗೆ ಹೋದ ಸಲ ಆಗಿದೆ ಸಿಸ್ಟರ್, ಇವತ್ತು ಈ ಅಕ್ಕನಿಗೆ ಹಾಕಿ" ಎಂದವರು ಅವರು. ಹಾಗೆ ಒಂದು ಬಿಟ್ಟು ಒಂದು. ಎರಡೂ ಮನೆಯವರಿಗೆ ಹೇಳಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದರು. ನಾನು ಯಾರ ಯಾರದೋ ಮೇಜಿನ ಮುಂದೆ ನಿಂತು ಕಾಯುತ್ತಿದ್ದ ಆ ದಿನಗಳಲ್ಲಿ ಅಮ್ಮ ನಡೆದಾಡುತ್ತಿದ್ದುದು ಇನ್ನೊಬ್ಬರ ಪಾಲಿನಿಂದ.

"ಈಗ ಅವಳದು ನಿಂತಿದೆ. ನಂದು ಬರ್ತಿದೆ. ಅವಳಿಗೆ ಬರೋವರೆಗೆ ನಾನೊಬ್ಬಳೇ ಹಾಕಿಸ್ಕೊಳಲ್ಲ. ನೀನು ಏನು ಬೇಕಾದ್ರೂ ಹೇಳು."

ಅಮ್ಮ ಹಟ ಮಾಡುವುದು ಅಪರೂಪ, ಮಾಡಿದರೆ ಬಿಡುವುದಿಲ್ಲ. ಈ ಸಂಗತಿ ದೊಡ್ಡಮ್ಮನಿಗೆ ತಿಳಿಯಿತು, ನಾನೇ ಫೋನಿನಲ್ಲಿ ಹೇಳಿದೆ. ಮರುದಿನವೇ ಅಕ್ಕಿಹಿಟ್ಟಿನ ಚೀಲ ಹಿಡಿದು ಬಂದರು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಅಲ್ಲ ಕಣೇ, ನನ್ನ ಕಿಡ್ನಿ ತಗೊಂಡ ಮೇಲೆ ಅದನ್ನೂ ಹೀಗೇ ಮಾಡ್ತೀಯೇನು? ಒಂದು ವಾರ ನಿನಗೆ, ಒಂದು ವಾರ ಅವಳಿಗೆ?"

ಅಮ್ಮ ನಕ್ಕುಬಿಟ್ಟಳು. ನಗುವಾಗ ಉಸಿರು ಸಿಕ್ಕಿ ಗೋಡೆ ಹಿಡಿದುಕೊಂಡಳು. ದೊಡ್ಡಮ್ಮ ಹಿಟ್ಟಿನ ಚೀಲ ಕೆಳಗಿಟ್ಟು ಅವಳ ಬೆನ್ನು ಸವರಿದರು. ಒಳಗೆ ಬಂದು ನನಗೆ ಮಾತ್ರ ಕೇಳುವಂತೆ, "ಅವಳು ಬದಲಾಗಲ್ಲ. ಆ ಇನ್ನೊಬ್ಬಳಿಗೆ ಯಾಕೆ ಬರ್ತಿಲ್ಲ ಅಂತ ನೋಡು. ನೀನು ಓದ್ಕೊಂಡಿದ್ದೀಯಲ್ಲ" ಎಂದರು.

ಅದನ್ನೇ ಕೇಳಲು ಯೂನಿಟ್ಟಿನ ಉಸ್ತುವಾರಿಯ ಬಳಿ ಹೋದೆ. ಮಧ್ಯವಯಸ್ಸಿನ ಮನುಷ್ಯ, ಸುತ್ತಿ ಬಳಸಿ ಮಾತಾಡುವವರಲ್ಲ. "ಕೂತ್ಕೊಳಿ ಮೇಡಂ, ಮುಚ್ಚಿಡೋದು ಏನಿಲ್ಲ" ಎಂದರು. ಮೊದಲು ಆ ಯೋಜನೆಯವರು ಡಯಾಲಿಸಿಸ್ಸಿಗೆ ಒಂದು ದರ, ಹಾಕಿದ ಪ್ರತಿ ಸೂಜಿಗೆ ಬೇರೆ ದರ ಕೊಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ನಮ್ಮ ಆಸ್ಪತ್ರೆಯ ಒಪ್ಪಂದ ನವೀಕರಣವಾದಾಗ ಸೂಜಿಯನ್ನೂ ಡಯಾಲಿಸಿಸ್ಸಿನ ದರದೊಳಗೆ ಸೇರಿಸಿದರು. ಈಗ ಸೂಜಿ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

"ಎಲ್ಲರಿಗೂ ಮೊದಲಿನಂಗೆ ಹಾಕಿದ್ರೆ ಈ ರೇಟಲ್ಲಿ ಯೂನಿಟ್ ನಡೆಯಲ್ಲ ಅಂತ ಮೇಲಿನವರು ಸ್ಟಾಕ್ ಕಮ್ಮಿ ಮಾಡಿದ್ರು. ಬಂದಷ್ಟನ್ನ ಸರದಿ ಪ್ರಕಾರ ಎಲ್ಲರಿಗೂ ಒಂದೊಂದು ಹಾಕ್ತೀವಿ. ತಿಂಗಳಿಗೊಂದು ಬಂದ್ರೆ ಪುಣ್ಯ."

ನಾನು ಅವರನ್ನು ಬೈಯಲಾರದೆ ಹೋದೆ. ನಮ್ಮ ಕಾರ್ಖಾನೆಯಲ್ಲೂ ಎರಡು ಬಗೆಯ ಆರ್ಡರುಗಳಿರುತ್ತವೆ. ಕೆಲವು ಗಿರಾಕಿಗಳು ಎರಕಕ್ಕೆ ಒಂದು ದರ, ಬಣ್ಣಕ್ಕೆ ಇನ್ನೊಂದು ದರ ಕೊಡುತ್ತಾರೆ. ಅಂಥ ಸಾಮಾನಿಗೆ ನಮ್ಮವರು ಬೇಕಿರಲಿ ಬೇಡದಿರಲಿ ಎರಡೆರಡು ಕೋಟು ಬಣ್ಣ ಹೊಡೆಯುತ್ತಾರೆ. ಕೆಲವರು ಬಣ್ಣವೂ ಸೇರಿ ತುಂಡಿಗೆ ಇಷ್ಟು ಎನ್ನುತ್ತಾರೆ. ಆ ಸಾಮಾನಿನ ಮೇಲೆ ಬಣ್ಣ ತೆಳ್ಳಗಾಗುತ್ತದೆ. ಯಾರೂ ಕೂತು ಮೋಸದ ಯೋಚನೆ ಮಾಡುವುದಿಲ್ಲ. ದರವನ್ನು ಹೇಗೆ ಕಟ್ಟಿದ್ದೇವೆ ಎಂಬುದೇ ಕುಂಚ ಹಿಡಿದ ಕೈಗೆ ಪಾಠ ಹೇಳುತ್ತದೆ. ಆ ದರ ಕಟ್ಟುವವರಲ್ಲಿ ನಾನೂ ಒಬ್ಬಳು. ಎಲ್ಲೋ ಒಂದು ಕಚೇರಿಯಲ್ಲಿ ನನ್ನದರಂಥದೇ ಮೇಜಿನ ಮುಂದೆ ಕೂತು, ಸೂಜಿ ಸೇರಿ ಇಷ್ಟು ಎಂದು ಬರೆದವರು ಕೆಟ್ಟವರಾಗಿರಲಿಕ್ಕಿಲ್ಲ. ಆದರೆ ಅವರಿಗೆ ಈ ಎರಡು ಹಾಸಿಗೆಗಳು ಕಂಡಿರಲಾರವು.

ಕಾಣಿಸಬೇಕು ಎನಿಸಿತು. ಅರ್ಧ ದಿನ ರಜೆ ಹಾಕಿ ಆ ಯೋಜನೆಯ ಜಿಲ್ಲಾ ಕಚೇರಿಗೆ ಹೋದೆ. ಅಪರಿಚಿತರ ಮುಂದೆ ಮನೆಯ ವಿಷಯ ಹೇಳುವುದು ನನಗೆ ಕಷ್ಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಲ್ಲಿದ್ದ ಅಧಿಕಾರಿ ಒಬ್ಬ ಮಹಿಳೆ, ಸ್ವತಃ ಡಾಕ್ಟರು. ಹೊರಗೆ ಜನ ಕಾಯುತ್ತಿದ್ದರೂ ಕೇಳಿದರು.

"ನಿಮ್ಮ ತಾಯಿ ನಮ್ಮ ಯೋಜನೆಯವರಲ್ಲ. ನೀವ್ಯಾಕೆ ಬಂದ್ರಿ?"

"ಪಕ್ಕದ ಹಾಸಿಗೆಯವರಿಗೆ ಸೂಜಿ ಬರೋವರೆಗೆ ನಮ್ಮಮ್ಮ ತಗೊಳಲ್ಲ ಅಂತಾರೆ ಮೇಡಂ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮೊದಲಿನಿಂದ ಹೇಳಿ ಎಂದರು. ಹೇಳಿದೆ. ಆಸ್ಪತ್ರೆಗೆ ಶಿಕ್ಷೆ ಕೊಡಿ ಎಂದು ಕೇಳಲಿಲ್ಲ. ಹಾಗಾದರೆ ಯೂನಿಟ್ಟೇ ಮುಚ್ಚಬಹುದೆಂಬ ಭಯ ನನಗಿತ್ತು, ಅದನ್ನೂ ಹೇಳಿದೆ.

"ಸೂಜಿಗೆ ಬೇರೆ ದುಡ್ಡು ಕೊಡ್ತಿದ್ದಾಗ ಬೇಕಾದವರಿಗೂ ಹಾಕಿದ್ರು, ಬೇಡದವರಿಗೂ ಹಾಕಿದ್ರು" ಎಂದರು ಅವರು. "ಕೆಲವರಿಗೆ ರಕ್ತ ಅಗತ್ಯಕ್ಕಿಂತ ಹೆಚ್ಚಾಗಿ ಬಿಪಿ ಏರ್ತು. ಅದಕ್ಕೇ ಒಬ್ಬ ರೋಗಿಗೆ ಸರಾಸರಿ ಎಷ್ಟು ಬೇಕಾಗುತ್ತೆ, ಟೆಂಡರಲ್ಲಿ ಎಷ್ಟಕ್ಕೆ ಸಿಗುತ್ತೆ ಅಂತ ನೋಡಿ ಒಂದೇ ದರ ಮಾಡಿದ್ದು. ಸರಾಸರಿ ಅಂದ್ರೆ ಎಲ್ಲರಿಗೂ ಒಂದೇ ಅಳತೆ ಅಲ್ಲಮ್ಮ. ಸಾಕಾದವರದು ಉಳೀಬೇಕು, ಅದು ಸಾಲದವರಿಗೆ ಹೋಗ್ಬೇಕು. ನಿಮ್ಮ ಆಸ್ಪತ್ರೆಯವರು ಸರದಿ ಹಾಕಿಬಿಟ್ಟಿದ್ದಾರೆ."

ಅವರು ಹೇಳುತ್ತಿದ್ದಂತೆ ನನಗೆ ಮತ್ತೆ ಮಠದ ಪಂಕ್ತಿ ನೆನಪಾಯಿತು. ಹೊಟ್ಟೆ ತುಂಬಿದವರು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ, ಸೌಟು ಮುಂದಿನವರ ಕಡೆ ಹೋಗುತ್ತದೆ. ಯಾರು ಎಷ್ಟು ತಿನ್ನುತ್ತಾರೆಂದು ಅಡುಗೆಯವರು ಒಬ್ಬೊಬ್ಬರನ್ನೇ ಕೇಳಿ ಅಕ್ಕಿ ಹಾಕುವುದಿಲ್ಲ, ಒಟ್ಟು ಅಂದಾಜಿಗೆ ಹಾಕುತ್ತಾರೆ. ಅದು ಸಾಲುವುದು ಬಡಿಸುವವರು ಎಲೆ ನೋಡಿ ಬಡಿಸಿದರೆ ಮಾತ್ರ. ಇದನ್ನು ಅಧಿಕಾರಿಗೆ ಹೇಳಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ದರ, ಟೆಂಡರು, ಸರಾಸರಿ ಎಂದು ನಾನು ಹೇಳಿದ್ದರೆ ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಇದನ್ನು ಕೇಳಿಸಿಕೊಂಡಳು.

"ಹಾಗಾದ್ರೆ ಅನ್ನ ಮಾಡಿದ್ದು ಸಾಕಷ್ಟಿದೆ. ಎಲೆ ನೋಡ್ದೆ ಬಡಿಸ್ತಿದ್ದಾರೆ" ಎಂದಳು.

"ಹೂಂ."

"ಯಾರಾದ್ರೂ ಕೂಗ್ಬೇಕಿತ್ತು."

"ಕೂಗಿ ಬಂದಿದ್ದೀನಿ" ಎಂದೆ. ಅಮ್ಮ ನನ್ನ ಮೊಣಕೈಯನ್ನು ಹಿಡಿದಳು, ಆಗ ಹಿಡಿಯುತ್ತಿದ್ದ ಹಾಗೆಯೇ.

ಆಮೇಲಿನ ದಿನಗಳು ಕಷ್ಟದವು. ಅಮ್ಮ ಮಾತಿಗೆ ತಪ್ಪಲಿಲ್ಲ, ತನ್ನ ಸೂಜಿಯನ್ನು ಒಂದು ಸಲ ತಾನು, ಒಂದು ಸಲ ಅವರು ಎಂದೇ ನಡೆಸಿದಳು. ನಾನು ಬೆಂಚಿನ ಮೇಲೆ ಕೂತು, ಫೈಲಿನಲ್ಲಿರುವ ಒಪ್ಪಿಗೆಯ ಕಾಗದವನ್ನು ನೆನೆಯುತ್ತಿದ್ದೆ. ಮುಂದಿನ ರಿಪೋರ್ಟ್ ಏಳಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಂತಿತು. ಒಂದು ಮಧ್ಯಾಹ್ನ ಉಸ್ತುವಾರಿಯವರು ಹೊರಗೆ ಬಂದು ನನ್ನ ಪಕ್ಕ ನಿಂತರು. ಜಿಲ್ಲಾ ಕಚೇರಿಯಿಂದ ಎಲ್ಲ ರೋಗಿಗಳ ಹಿಮೋಗ್ಲೋಬಿನ್ ವಿವರ ಕೇಳಿದ್ದಾರೆ, ಕಡಿಮೆ ಇರುವವರಿಗೆ ಡಾಕ್ಟರು ಬರೆದಷ್ಟು ಸೂಜಿ ಹಾಕಲೇಬೇಕೆಂದಿದ್ದಾರೆ ಎಂದರು.

"ನೀವು ಹೋಗಿದ್ರಂತೆ?"

ಹೌದೆಂದೆ. ಕೋಪ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

"ಒಳ್ಳೇದಾಯ್ತು ಬಿಡಿ. ನಾನು ಹೇಳಿದ್ರೆ ಮೇಲಿನವರು ಕೇಳ್ತಿರಲಿಲ್ಲ. ಪಟ್ಟಿ ಮಾಡಿ ನೋಡಿದ್ರೆ ಐದಾರು ಜನಕ್ಕೆ ಈಗ ಸೂಜಿನೇ ಬೇಡ, ಸುಮ್ನೆ ಸರದಿ ಬಂತು ಅಂತ ಹಾಕ್ತಿದ್ವಿ. ಅವರದು ನಿಲ್ಲಿಸಿದ್ರೆ ಇವರಿಗೆ ಹೆಚ್ಚು ಕಮ್ಮಿ ಸಾಕಾಗುತ್ತೆ. ಸ್ವಲ್ಪ ಹೊರಗಿಂದ ತರಿಸ್ಬೇಕು, ಅಷ್ಟೇ."

ಆ ದಿನ ಪಕ್ಕದ ಹಾಸಿಗೆಯವರಿಗೆ ಅವರದೇ ಸೂಜಿ ಬಂತು. ನರ್ಸ್ ನನ್ನನ್ನು ಬಾಗಿಲ ತನಕ ಕರೆದು ತೋರಿಸಿದಳು. ಅಮ್ಮ ದಿಂಬಿನಿಂದ ತಲೆಯೆತ್ತಿ, ಪಕ್ಕದ ತೋಳಿಗೆ ಸೂಜಿ ಇಳಿಯುವ ತನಕ ನೋಡಿದಳು. ಆಮೇಲೆ ತನ್ನ ತೋಳು ಚಾಚಿದಳು.

"ಈಗ ಹಾಕಿ ಸಿಸ್ಟರ್."

ಹೊರಗೆ ಬರುವಾಗ ಪಕ್ಕದ ಹಾಸಿಗೆಯವರು ನನ್ನ ಮುಂದೆ ನಿಂತರು. ಅಲ್ಲಿಯ ತನಕ ಅವರೊಡನೆ ನಾನು ನಾಲ್ಕು ಮಾತು ಆಡಿದ್ದರೆ ಹೆಚ್ಚು. ಅವರು ಧನ್ಯವಾದ ಹೇಳುವ ಮೊದಲು ನಾನೇ ಹೇಳಬೇಕಿತ್ತು.

"ನಮ್ಮಮ್ಮನಿಗೆ ಮೊದಲು ಕೊಟ್ಟಿದ್ದು ನೀವು. ನನಗೆ ಗೊತ್ತೇ ಇರ್ಲಿಲ್ಲ" ಎಂದೆ.

"ಅಯ್ಯೋ, ಅದಕ್ಕೇನಮ್ಮ" ಎಂದರು. "ನಿಮ್ಮಮ್ಮ ಬರೋಕೆ ಮುಂಚೆ ಆ ಬೆಡ್ಡಲ್ಲಿ ಒಬ್ಬ ತಾತ ಇದ್ದ. ನಾಲ್ಕು ಗಂಟೆನೂ ಗೊರಕೆ. ಮಾತಾಡೋಕೆ ಒಂದು ಜನ ಸಿಕ್ತಲ್ಲ ಅಂತ ಉಳಿಸ್ಕೊಂಡೆ." ಹಾಗೆಂದು ನಕ್ಕು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು.

ಯುಗಾದಿಯ ಹೊತ್ತಿಗೆ ಅಮ್ಮ ಒಲೆಯ ಮುಂದೆ ನಿಂತು ಹೋಳಿಗೆ ಬೇಯಿಸುವಷ್ಟಾದಳು. ತಾನು ತಿಂದದ್ದು ಒಂದು ತುಂಡು, ಅದೂ ಡಾಕ್ಟರನ್ನು ಕೇಳಿ. ಆ ವಾರ ಬಂದ ರಿಪೋರ್ಟನ್ನು ಡಾಕ್ಟರು ಎರಡು ಸಲ ನೋಡಿದರು. ಹತ್ತು ಮುಟ್ಟಿರಲಿಲ್ಲ, ಆದರೆ ಏಳು ಬಹಳ ಹಿಂದೆ ಉಳಿದಿತ್ತು. ಫೈಲಿನಿಂದ ಒಪ್ಪಿಗೆಯ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

"ಇದು ನಿಮ್ಮ ಹತ್ರಾನೇ ಇರ್ಲಿ. ರಕ್ತ ಬೇಡ. ಕಸಿಯ ಆಸ್ಪತ್ರೆಯಿಂದ ಕೊನೇ ಟೆಸ್ಟಿಗೆ ಕೇಳಿದ್ದಾರೆ. ನಿಮ್ಮ ದೊಡ್ಡಮ್ಮನ್ನ ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ, ಇಬ್ಬರ ಸ್ಯಾಂಪಲ್ಲೂ ಕಳಿಸೋಣ."

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತೇ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಹಿಂದೆ ಗಿರಣಿಯ ಸದ್ದು ಜೋರಾಗಿತ್ತು. ಎರಡು ಸಲ ಹೇಳಬೇಕಾಯಿತು. ಮೂರನೆಯ ಸಲ ಸದ್ದು ನಿಂತಿತು, ಅವರು ಯಂತ್ರ ಆರಿಸಿದ್ದರು.

"ನಾನೇ ಬರ್ತೀನಿ ಬಿಡೇ, ದಾರಿ ಗೊತ್ತಿಲ್ವಾ ನನಗೆ?"

"ಇಲ್ಲ ದೊಡ್ಡಮ್ಮ, ನಾನೇ ಬಂದು ಕರ್ಕೊಂಡು ಬರ್ತೀನಿ."

ಮರುದಿನ ಬೆಳಿಗ್ಗೆ ತಟ್ಟೆಯಿಂದ ಒಂದು ಸಿರಿಂಜು ತೆಗೆದು ಅಮ್ಮನ ಫ್ಲಾಸ್ಕಿನಲ್ಲಿಟ್ಟೆ, ಅವಳನ್ನು ಆಟೋ ಹತ್ತಿಸಿ ಭದ್ರಾವತಿಯ ಬಸ್ಸು ಹಿಡಿದೆ. ಗಿರಣಿಯ ಬಾಗಿಲಿಗೆ ಬೀಗ ಬಿದ್ದಿತ್ತು. ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆಯುಟ್ಟು ರಸ್ತೆಯಲ್ಲೇ ನಿಂತಿದ್ದರು, ಕೈಯಲ್ಲಿ ಆಧಾರ್ ಕಾರ್ಡು. ಕಿವಿಯ ಹಿಂದೆ ಹಿಟ್ಟಿನ ಗೆರೆ ಹಾಗೆಯೇ ಇತ್ತು. ನಾನು ಕರವಸ್ತ್ರದ ತುದಿಯನ್ನು ಬಾಟಲಿಯ ನೀರಲ್ಲಿ ಒದ್ದೆ ಮಾಡಿ, ಅವರು ಏನೆಂದು ಕೇಳುವ ಮೊದಲೇ ಅದನ್ನು ಒರೆಸಿದೆ. ಅವರು ಕತ್ತು ಬಾಗಿಸಿ ನಿಂತರು. ಶಿವಮೊಗ್ಗದ ಬಸ್ಸು ಬಂದಾಗ ಮೊದಲು ಅವರನ್ನು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿದೆ.